ಮೂರನೇ ಸಲಕ್ಕೆ ಆದ ಮಂಡಿ ಆಪರೇಷನ್: ಐದಕ್ಕೆ ಮೂರು ಸ್ಟಾರ್

ಎರಡನೇ ಸಲ ಆಪರೇಷನ್ ಆಗದೆ ಮನೆಗೆ ವಾಪಸ್ ಬಂದ ದಿನ ರಾತ್ರಿ ಮೊಬೈಲಿಗೆ ಮೆಸೇಜ್ ಬಂತು. "ನಮ್ಮ ಆಸ್ಪತ್ರೆಯಲ್ಲಿ ನಿಮ್ಮ ಅನುಭವ ಹೇಗಿತ್ತು? ದಯವಿಟ್ಟು ಸ್ಟಾರ್ ಕೊಡಿ." ಅವತ್ತೇ ಕೊಟ್ಟಿದ್ದರೆ ಒಂದೂ ಕೊಡುತ್ತಿರಲಿಲ್ಲ. ಸಿಟ್ಟಿನಲ್ಲಿ ಏನೂ ಬರೀಬೇಡಿ ಅಪ್ಪಾ ಅಂತ ಮಗಳು ಫೋನ್ ಕಿತ್ತಿಟ್ಟುಕೊಂಡಳು. ಈಗ ಆಪರೇಷನ್ ಆಗಿ ಏಳು ವಾರ. ನಮ್ಮ ಮನೆಯವಳು ಕೋಲು ಹಿಡಿದು ಹಾಲಿನ ಬೂತ್ ತನಕ ಹೋಗಿ ಬರುತ್ತಾಳೆ. ನನ್ನ ತಲೆಯೂ ತಣ್ಣಗಾಗಿದೆ. ಮೂರು ಸ್ಟಾರ್ ಕೊಡುತ್ತಿದ್ದೇನೆ. ಯಾಕೆ ಐದಲ್ಲ, ಯಾಕೆ ಒಂದಲ್ಲ ಅಂತ ಹೇಳೋದಕ್ಕೆ ಸ್ವಲ್ಪ ಉದ್ದ ಬರೆಯಬೇಕಾಗುತ್ತೆ.

ಆಸ್ಪತ್ರೆಯ ಹೆಸರು ಹಾಕುತ್ತಿಲ್ಲ. ದಕ್ಷಿಣ ಬೆಂಗಳೂರಿನದು, ದೊಡ್ಡದು, ನಮ್ಮ ಮನೆಯಿಂದ ಆಟೋದಲ್ಲಿ ಇಪ್ಪತ್ತು ನಿಮಿಷ. ಅಷ್ಟು ಸಾಕು. ಅಲ್ಲಿ ನನ್ನ ಪಕ್ಕ ಕೂತವರೆಲ್ಲ ಬೇರೆ ಬೇರೆ ಆಸ್ಪತ್ರೆಗಳಲ್ಲೂ ಹೀಗೇ ಆಗಿದ್ದನ್ನು ಹೇಳಿದರು. ಒಬ್ಬರ ಮೇಲೆ ಬೋರ್ಡ್ ಹಾಕಿ ಏನು ಪ್ರಯೋಜನ?

ನನ್ನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ನಾನು ಸಿಟಿ ಬಸ್ಸಿನಲ್ಲಿ ಮೊದಲು ಕಂಡಕ್ಟರ್, ಆಮೇಲೆ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವನು. ಎಷ್ಟು ಗಂಟೆಗೆ ಯಾವ ಬಸ್ ಬಂತು, ಯಾವುದು ಹೊರಟಿತು, ಯಾವ ಟ್ರಿಪ್ ಕಟ್ ಆಯಿತು ಅಂತ ಬರೆದುಕೊಳ್ಳೋದೇ ಕೆಲಸ. ರಿಟೈರ್ ಆದರೂ ಆ ಚಟ ಹೋಗಿಲ್ಲ. ಆಪರೇಷನ್ ಥಿಯೇಟರಿನ ಹೊರಗೆ ಬೆಂಚಿನ ಮೇಲೆ ಕೂತಾಗಲೂ ಹೋಗಲಿಲ್ಲ.

ನಾವು ಹನುಮಂತನಗರದವರು. ರಾಮಾಂಜನೇಯ ಗುಡ್ಡದ ಮೆಟ್ಟಿಲನ್ನು ಇವಳು ಒಂದು ಕಾಲದಲ್ಲಿ ನನಗಿಂತ ಮುಂಚೆ ಹತ್ತಿ ಮೇಲೆ ನಿಂತು "ಬನ್ನಿ ರೀ, ಮುದುಕರ ಥರ" ಅಂತ ಕರೆಯುತ್ತಿದ್ದಳು. ಈಗ ಆರೇಳು ವರ್ಷದಿಂದ ರಸ್ತೆಯಲ್ಲೇ ನಿಂತು ಕೈ ಮುಗಿಯುತ್ತಾಳೆ. 2020ರಲ್ಲೇ ಬಲಗಾಲಿನ ಮಂಡಿ ಬದಲಿಸಬೇಕು ಅಂದಿದ್ದರು. ಆ ಮಾರ್ಚಿನಲ್ಲಿ ಕೊರೋನಾ ಬಂತು. ತುರ್ತಿಲ್ಲದ ಆಪರೇಷನ್ನೆಲ್ಲ ಮುಂದಕ್ಕೆ ಹಾಕಿ ಅಂತ ಕೇಂದ್ರದ ಆರೋಗ್ಯ ಇಲಾಖೆಯೇ ಆಸ್ಪತ್ರೆಗಳಿಗೆ ಹೇಳಿತ್ತು. ಅದು ಯಾರ ಲೆಕ್ಕಕ್ಕೂ ಬರಲ್ಲ. ಆಮೇಲಿನ ವರ್ಷಗಳು ಮಾತ್ರ ನಮ್ಮದೇ ಲೆಕ್ಕ. ಮಗಳ ಮದುವೆ, ಬಾಣಂತನ, ಮನೆಗೆ ಸುಣ್ಣ ಬಣ್ಣ. ಕೊನೆಗೂ ಆಸ್ಪತ್ರೆಯವರು ಡೇಟ್ ಕೊಟ್ಟರೆ ಅವತ್ತು ಅಮಾವಾಸ್ಯೆ! "ಅಮಾವಾಸ್ಯೆ ದಿನ ನಾನು ಕಾಲು ಕುಯ್ಸಿಕೊಳ್ಳಲ್ಲ" ಅಂತ ಹಟ ಹಿಡಿದಳು. ನಾನೇ ಫೋನ್ ಮಾಡಿ ಬದಲಿಸಿದೆ. ಆ ಕಡೆಯ ಹುಡುಗಿ ಬೇಜಾರು ಮಾಡಿಕೊಳ್ಳಲಿಲ್ಲ. "ಅಮಾವಾಸ್ಯೆ, ಆಷಾಢ ಅಂತ ತುಂಬಾ ಜನ ಬದಲಿಸ್ತಾರೆ ಸರ್, ನಮಗೆ ಅಭ್ಯಾಸ" ಅಂದಳು. ಹಾಗಾಗಿ ಮೊದಲ ಮುಂದೂಡಿಕೆ ನಮ್ಮದೇ. ನ್ಯಾಯವಾಗಿ ಹೇಳಬೇಕಲ್ವಾ?

ಅವರದ್ದು ಶುರುವಾಗೋದು ಆಮೇಲೆ.

ಆಪರೇಷನ್ನಿಗೆ ಮುಂಚೆ ಪಿ.ಎ.ಸಿ. ಅಂತ ಒಂದು ಚೆಕಪ್ ಇರುತ್ತೆ. ಅರಿವಳಿಕೆ ಕೊಡುವ ಡಾಕ್ಟರ್ ನೋಡಿ, ಈ ಮೈ ಆಪರೇಷನ್ ತಡೆಯುತ್ತಾ ಅಂತ ಹೇಳಬೇಕು. ರಕ್ತ, ಯೂರಿನ್, ಇಸಿಜಿ, ಎಕೋ, ಎದೆಯ ಎಕ್ಸ್‌ರೇ ಎಲ್ಲಾ ಆಯಿತು. ಯೂರಿನ್‌ನಲ್ಲಿ ಇನ್ಫೆಕ್ಷನ್ ಇದೆಯಾ, ಹಲ್ಲು ಹುಳುಕಾಗಿ ಕೀವು ಇದೆಯಾ, ಕಾಲಲ್ಲಿ ಗಾಯ ಇದೆಯಾ ಅಂತ ಕೇಳಿದರು. ಹೊಸ ಮಂಡಿ ಒಳಗೆ ಕೂತಮೇಲೆ ಎಲ್ಲೋ ಇದ್ದ ಸೋಂಕು ಅಲ್ಲಿಗೆ ಹೋಗಿ ಸೇರಿಕೊಂಡರೆ ದೊಡ್ಡ ಕಷ್ಟವಂತೆ. ಇದೆಲ್ಲ ಚೆನ್ನಾಗೇ ಮಾಡಿದರು. ಆದರೆ ಕಡೆಗೆ ರೂಮಿನಲ್ಲಿ ಕೂತಿದ್ದ ಚಿಕ್ಕ ಡಾಕ್ಟರಿಗೆ ಹೊರಗೆ ನಿಂತಿದ್ದ ಹದಿನೈದು ಜನರ ಚಿಂತೆ. "ಶುಗರ್ ಮಾತ್ರೆ ತಗೋತೀರಾ ಆಂಟಿ? ಆಪರೇಷನ್ ದಿನ ಬೆಳಿಗ್ಗೆ ತಗೋಬೇಡಿ." ಅಷ್ಟೇ. ಯಾವ ಮಾತ್ರೆ ಅಂತ ಕೇಳಲಿಲ್ಲ. ನಾವೂ ಹೇಳಲಿಲ್ಲ. ಮಾತ್ರೆಗಳೆಲ್ಲ ಮನೆಯಲ್ಲಿ ಹಳೇ ಬಿಸ್ಕತ್ ಡಬ್ಬಿಯೊಳಗೆ ಇದ್ದವು. ಹೆಸರು ಯಾರಿಗೆ ನೆನಪಿರುತ್ತೆ? "ಬೆಳಿಗ್ಗೆ ಹಳದಿ, ರಾತ್ರಿ ಉದ್ದದ್ದು", ನಮ್ಮ ಮನೆಯಲ್ಲಿ ಇದೇ ಹೆಸರು.

ಮಂಗಳವಾರ ಸಂಜೆ ಅಡ್ಮಿಟ್, ಬುಧವಾರ ಬೆಳಿಗ್ಗೆ ಆಪರೇಷನ್. ಮಗಳು ಶಿವಮೊಗ್ಗದಿಂದ ಬ್ಯಾಂಕಿಗೆ ರಜೆ ಹಾಕಿ ಬಂದಳು. ವಾರ್ಡಿನ ಸಿಸ್ಟರ್ ಸೋಪಿನ ನೀರು ಹಾಕಿ ಬಳೆ ಬಿಡಿಸಿದಳು. ಕಾಲುಂಗುರ ಜಪ್ಪಯ್ಯ ಅಂದರೂ ಬರಲಿಲ್ಲ. ಅದರ ಮೇಲೆ ಬಿಳಿ ಟೇಪ್ ಸುತ್ತಿದಳು. ತಾಳಿ ಸರ ಮಾತ್ರ ಇವಳು ತೆಗೆಯಲ್ಲ ಅಂದಳು. ಆ ಹುಡುಗಿ ಒಂದು ನಿಮಿಷ ಇರಿ ಅಂತ ಹೋಗಿ, ಅರಿಶಿನ ಕೊಂಬು ಕಟ್ಟಿದ ದಾರ ತಂದಳು. "ನಮ್ಮಮ್ಮ ಮಾಡಿಕೊಟ್ಟಿರೋದು ಅಮ್ಮಾ. ಇದನ್ನ ಕತ್ತಿಗೆ ಹಾಕ್ಕೊಳ್ಳಿ, ಸರ ಅಂಕಲ್ ಕೈಗೆ ಕೊಡಿ." ಒಂದು ಪ್ಲಾಸ್ಟಿಕ್ ಕವರ್ ತುಂಬಾ ಅಂಥ ದಾರ ಅವಳ ಡ್ರಾಯರಿನಲ್ಲಿ ಇದ್ದವು. ಮೂರು ಸ್ಟಾರಿನಲ್ಲಿ ಒಂದು ಸ್ಟಾರ್ ಆ ಹುಡುಗಿಗೆ.

ರಾತ್ರಿ ಇನ್ನೊಬ್ಬ ಡಾಕ್ಟರ್ ಬಂದು ಬಲ ತೊಡೆಯ ಮೇಲೆ ಮಾರ್ಕರ್ ಪೆನ್ನಿನಲ್ಲಿ ಮಂಡಿ ಕಡೆಗೆ ಒಂದು ಬಾಣ ಬರೆದರು. ತಪ್ಪಿ ಇನ್ನೊಂದು ಕಾಲಿಗೆ ಚಾಕು ಹಾಕಬಾರದು ಅಂತ ಇರುವ ಗುರುತು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಆಪರೇಷನ್ನಿಗೆ ಅಂತ ಒಂದು ಚೆಕ್‌ಲಿಸ್ಟ್ ಮಾಡಿದೆ. ಪೇಷೆಂಟ್ ಯಾರು, ಯಾವ ಜಾಗ, ಗುರುತು ಹಾಕಿದೆಯಾ, ಅಲರ್ಜಿ ಇದೆಯಾ ಅಂತ ಅರಿವಳಿಕೆಗೆ ಮುಂಚೆಯೇ ಕೇಳಬೇಕು. ಬಾಣವೂ ಅದರ ಲೆಕ್ಕಕ್ಕೇ. ಇವಳಿಗೆ ನಗು. "ನನ್ನ ಕಾಲಿಗೂ ಒನ್ ವೇ ಬೋರ್ಡ್ ಹಾಕಿದರಲ್ಲ ರೀ" ಅಂದಳು.

ಬುಧವಾರ ಬೆಳಿಗ್ಗೆ ಏಳಕ್ಕೆ ಅರಿವಳಿಕೆ ಡಾಕ್ಟರಮ್ಮ ಬಂದರು. ಐವತ್ತು ದಾಟಿದವರು. ಬಂದವರೇ "ಮಾತ್ರೆ ತಂದಿದ್ದೀರಾ? ತೋರಿಸಿ" ಅಂದರು. ನಾನು ಬಿಸ್ಕತ್ ಡಬ್ಬಿ ಕೊಟ್ಟೆ. ಒಂದೊಂದೇ ಸ್ಟ್ರಿಪ್ ತೆಗೆದು, ಹಿಂದೆ ತಿರುಗಿಸಿ, ಕಿಟಕಿ ಬೆಳಕಿಗೆ ಹಿಡಿದು ಓದಿದರು. ಉದ್ದದ್ದು ಕೈಗೆ ಬಂದಾಗ ನಿಂತರು.

"ಅಮ್ಮಾ, ಇದನ್ನ ಯಾವತ್ತು ನಿಲ್ಲಿಸಿದಿರಿ?"

"ನಿನ್ನೆ ರಾತ್ರಿ ತಗೊಂಡೆನಲ್ಲ. ಬೆಳಿಗ್ಗೆದು ಮಾತ್ರ ಬೇಡ ಅಂದಿದ್ದರು."

ಅವರು ಸ್ಟೂಲ್ ಎಳೆದುಕೊಂಡು ಕೂತರು. ಡಾಕ್ಟರ್ ಕೂತರೆ ಏನೋ ಇದೆ ಅಂತ ಅರ್ಥ. ಆ ಮಾತ್ರೆಯಲ್ಲಿ ಮೆಟ್‌ಫಾರ್ಮಿನ್ ಜೊತೆ ಡಾಪಾಗ್ಲಿಫ್ಲೋಜಿನ್ ಅಂತ ಇನ್ನೊಂದು ಔಷಧಿ ಸೇರಿದೆಯಂತೆ. ಅದು ಶುಗರನ್ನು ಯೂರಿನ್‌ನಲ್ಲಿ ಹೊರಗೆ ಹಾಕುತ್ತೆ. ಒಳ್ಳೇ ಔಷಧಿಯೇ. ಆದರೆ ಅದನ್ನು ತಗೊಂಡು, ಉಪವಾಸ ಇದ್ದು, ಮೇಲೆ ಆಪರೇಷನ್ನೂ ಆದರೆ ರಕ್ತದಲ್ಲಿ ಕೀಟೋನ್ ಜಾಸ್ತಿಯಾಗಿ ರಕ್ತ ಹುಳಿಯಾಗಿಬಿಡಬಹುದು. ಮೋಸ ಏನೆಂದರೆ, ಆಗ ಶುಗರ್ ನೋಡಿದರೆ ಅಷ್ಟೇನೂ ಜಾಸ್ತಿ ಇರಲ್ಲ. ಹಾಗಾಗಿ ಪತ್ತೆಯೇ ಆಗಲ್ಲ. ಅದಕ್ಕೇ ಕನಿಷ್ಠ ಮೂರು ದಿನ ಮುಂಚೆ ನಿಲ್ಲಿಸಬೇಕು. "ತುರ್ತು ಆಪರೇಷನ್ ಆಗಿದ್ದರೆ ಹುಷಾರಾಗಿ ಮಾಡ್ತಿದ್ದೆವು. ಮಂಡಿ ಹತ್ತು ದಿನ ಕಾಯುತ್ತೆ. ನಾನು ರಿಸ್ಕ್ ತಗೊಳ್ಳಲ್ಲ."

ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಬ್ರೇಕ್ ಸರಿಯಿಲ್ಲ ಅಂತ ಬಸ್ ತೆಗೆಯದ ಡ್ರೈವರ್ ಮೇಲೆ ಸಿಟ್ಟು ಮಾಡಿಕೊಳ್ಳೋಕಾಗುತ್ತಾ? ಸಿಟ್ಟು ಬಂದದ್ದು ಬಿಲ್ಲಿಂಗ್ ಕೌಂಟರಿನಲ್ಲಿ. ಒಂದು ರಾತ್ರಿಯ ರೂಮು, ನರ್ಸಿಂಗ್, ಮತ್ತೆ ಮಾಡಿದ ರಕ್ತ ಪರೀಕ್ಷೆ ಸೇರಿ 9,640 ರೂಪಾಯಿ. ಆಪರೇಷನ್ ಆಗಿಲ್ಲವಾದ್ದರಿಂದ ಇನ್ಶೂರೆನ್ಸಿನವರೇ ಆಸ್ಪತ್ರೆಗೆ ನೇರವಾಗಿ ದುಡ್ಡು ಕಟ್ಟುವ ಕ್ಯಾಶ್‌ಲೆಸ್ ಬರಲ್ಲ, ಮುಂದಿನ ಸಲಕ್ಕೆ ಹೊಸದಾಗಿ ಅರ್ಜಿ ಹಾಕಬೇಕು. ಕಾಗದದಲ್ಲಿ ಬರೆದಿದ್ದು: "ಪೇಷೆಂಟ್ ಅನ್‌ಫಿಟ್". ನಾನು ಕೌಂಟರಿನ ಹುಡುಗನಿಗೆ ಹೇಳಿದೆ, "ನೋಡಪ್ಪಾ, ಬಸ್ಸು ಡಿಪೋದಿಂದ ಹೊರಡೋ ಮುಂಚೆ ಫಿಟ್ ಇದೆಯಾ ಅಂತ ನೋಡೋದು ಯಾರ ಕೆಲಸ? ಬಸ್ಸಿನದಾ?" ಅವನು ನನ್ನ ಮುಖ ನೋಡಿದ. ಪಾಪ, ಅವನು ಹುಟ್ಟುವ ಮುಂಚಿನ ಜೋಕು. ದುಡ್ಡು ಕಟ್ಟಿ ಬಂದೆವು.

ಮನೆಗೆ ಬಂದು ಸ್ನಾನ ಮಾಡಿದರೂ ಇವಳು ಆ ಬಾಣವನ್ನು ಉಜ್ಜಿ ತೆಗೆಯಲಿಲ್ಲ. "ಇರಲಿ ಬಿಡಿ, ಮತ್ತೆ ಬರೆಯೋ ಕೆಲಸ ತಪ್ಪುತ್ತೆ" ಅಂದಳು. ನಾಲ್ಕೈದು ದಿನಕ್ಕೆ ತಾನಾಗಿ ಅಳಿಸಿಹೋಯಿತು.

ಎರಡನೇ ಸಲ ಗುರುವಾರ. ಈ ಸಲ ಎಲ್ಲಾ ಸರಿ. ಮಾತ್ರೆ ನಾಲ್ಕು ದಿನ ಮುಂಚೆಯೇ ನಿಲ್ಲಿಸಿದ್ದೆವು, ಅದರ ಬದಲು ಇನ್ಸುಲಿನ್. ಬಿ.ಪಿ. ಸರಿ, ಶುಗರ್ ಸರಿ. ಕ್ಯಾಶ್‌ಲೆಸ್ ಅರ್ಜಿ ಹಾಕಿದರೆ ಒಂದು ಗಂಟೆಯಲ್ಲಿ ಉತ್ತರ ಕೊಡಬೇಕು ಅಂತ 2024ರಲ್ಲಿ ಇನ್ಶೂರೆನ್ಸ್ ಕಂಪನಿಗಳ ಮೇಲೆ ಕಣ್ಣಿಡುವ ಐ.ಆರ್.ಡಿ.ಎ.ಐ. ನಿಯಮ ಮಾಡಿದೆ. ಅದನ್ನು ಫೋನಿನಲ್ಲಿ ತೆಗೆದು ಇನ್ಶೂರೆನ್ಸ್ ಡೆಸ್ಕಿಗೆ ತೋರಿಸಿದೆ. "ಗೊತ್ತು ಅಂಕಲ್" ಅಂತ ನಕ್ಕರು. ಒಂದು ಗಂಟೆ ಅಂದಿದ್ದು ಎರಡೂವರೆ ಆಯಿತು, ಪರವಾಗಿಲ್ಲ. ಇವಳದ್ದು ಲಿಸ್ಟಿನಲ್ಲಿ ಮೂರನೇದು, ಹನ್ನೊಂದೂವರೆಗೆ. ಹಿಂದಿನ ರಾತ್ರಿ ಹತ್ತರಿಂದ ಬಾಯಿಗೆ ಏನೂ ಇಲ್ಲ. ಹೊಸ ಬಾಣವೂ ಬಂತು.

ನಾನು ಥಿಯೇಟರಿನ ಹೊರಗಿನ ಬೆಂಚಿನಲ್ಲಿ ಕೂತೆ. ಕೈಯಲ್ಲಿ ಹಳೇ ಬಿಲ್ಲು, ಅದರ ಹಿಂದೆ ಖಾಲಿ ಜಾಗ, ಜೇಬಿನಲ್ಲಿ ಪೆನ್ನು. ಬರೆಯದೆ ಇರೋಕಾಗುತ್ತಾ?

ಎಂಟು ಗಂಟೆಗೆ ಹೋಗಬೇಕಿದ್ದ ಮೊದಲ ಕೇಸ್ ಒಳಗೆ ಹೋಗಿದ್ದು ಒಂಬತ್ತೂ ಹತ್ತಕ್ಕೆ. ಯಾಕೆ ಅಂತ ಗೊತ್ತಾಗಿದ್ದು ಇಂಪ್ಲಾಂಟ್ ಕಂಪನಿಯ ಹುಡುಗನಿಂದ. ಬೆಳಿಗ್ಗೆ ಏಳಕ್ಕೆ ಅವನು ದೊಡ್ಡ ದೊಡ್ಡ ಸ್ಟೀಲ್ ಪೆಟ್ಟಿಗೆಗಳನ್ನು ಆಟೋದಿಂದ ಇಳಿಸುತ್ತಿದ್ದ. ನಾನು ಮದುವೆ ಅಡುಗೆ ಸಾಮಾನು ಅಂದುಕೊಂಡಿದ್ದೆ. ಮಂಡಿಯ ಅಳತೆ ಒಬ್ಬೊಬ್ಬರದ್ದು ಒಂದೊಂದು ಥರ. ಅದಕ್ಕೇ ಎಲ್ಲಾ ಸೈಜಿನ ಮಂಡಿ, ಕೊರೆಯುವ ಕತ್ತರಿಸುವ ಸಾಮಾನು ಸಮೇತ ಕಂಪನಿಯಿಂದ ಬರುತ್ತವೆ. ಬಂದಮೇಲೆ ಅವನ್ನು ಆಸ್ಪತ್ರೆಯ ಹಬೆ ಮಷಿನ್ನಿನಲ್ಲಿ ಇಟ್ಟು ಸ್ಟೆರಿಲೈಸ್ ಮಾಡಬೇಕು. ಆರಬೇಕು. ಆಮೇಲೆ ಥಿಯೇಟರ್. "ಹಿಂದಿನ ದಿನ ಸಂಜೆನೇ ತರಬೇಕು ಸರ್. ನಿನ್ನೆ ಇದೇ ಸೆಟ್ಟು ಇನ್ನೊಂದು ಆಸ್ಪತ್ರೆಯಲ್ಲಿತ್ತು" ಅಂದ. ಬೆಂಗಳೂರಿನ ಮಂಡಿಗಳೆಲ್ಲ ಒಂದೇ ಸ್ಪೇರ್ ಬಸ್ಸಿಗೆ ಕಾಯುವ ಹಾಗೆ!

ಮೊದಲ ಟ್ರಿಪ್ ಒಂದು ಗಂಟೆ ಲೇಟಾದರೆ ಆ ದಿನ ಆ ರೂಟು ಮುಗೀತು. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಲಿಸ್ಟ್ ಹಾಕುವುದರಲ್ಲೇ ತಪ್ಪಿದೆ ಅಂತ ನನ್ನ ಅನಿಸಿಕೆ. ಒಂದು ಮಂಡಿಗೆ ಒಂದೂವರೆ ಗಂಟೆ ಅಂತ ಹಾಕಿದ್ದರು. ಅದು ಚಾಕು ಹಿಡಿದಿರುವ ಟೈಮು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಕಾಲು ಮರಗಟ್ಟಬೇಕು, ಕಾಲನ್ನು ತೊಳೆದು ಬಟ್ಟೆ ಹೊದಿಸಬೇಕು, ಕೊನೆಗೆ ಪಟ್ಟಿ ಕಟ್ಟಿ ಪೇಷೆಂಟನ್ನು ಹೊರಗೆ ತರಬೇಕು, ರೂಮು ಒರೆಸಬೇಕು, ಮುಂದಿನವರ ಸಾಮಾನು ಜೋಡಿಸಬೇಕು. ನಾನು ಬರೆದುಕೊಂಡ ಪ್ರಕಾರ ಬಾಗಿಲಿನಿಂದ ಬಾಗಿಲಿಗೆ ಎರಡು ಗಂಟೆ ನಲವತ್ತು ನಿಮಿಷ. ಟ್ರಿಪ್ಪಿನ ನಡುವೆ ಡ್ರೈವರ್ ಟೀ ಕುಡಿಯುವ, ಬಸ್ ತಿರುಗಿಸುವ ಹೊತ್ತನ್ನು ಲೆಕ್ಕಕ್ಕೆ ಹಾಕದೆ ಶೆಡ್ಯೂಲ್ ಮಾಡಿದರೆ ಕಾಗದದ ಮೇಲೆ ಎಂಟು ಟ್ರಿಪ್ ಓಡುತ್ತೆ. ರಸ್ತೆ ಮೇಲೆ ಆರೇ.

ಬೆಂಚಿನಲ್ಲಿ ಜೊತೆಗೆ ಕೂತವರ ಕಥೆಗಳೇ ಒಂದು ದಿನಕ್ಕಾಗುವಷ್ಟಿದ್ದವು. ಚಾಮರಾಜಪೇಟೆಯ ಒಬ್ಬರು ಹರ್ನಿಯಾಕ್ಕೆ ಬಂದಿದ್ದರು. ಬೆಳಿಗ್ಗೆ ಆರಕ್ಕೆ ಅರ್ಧ ಲೋಟ ಕಾಫಿ ಕುಡಿದಿದ್ದರು. ಕೇಳಿದಾಗ ನಿಜ ಹೇಳಿಬಿಟ್ಟರು. ಬರೀ ನೀರಾದರೆ ಎರಡು ಗಂಟೆ ಮುಂಚಿನ ತನಕ ನಡೆಯುತ್ತೆ. ಹಾಲು ಬಿದ್ದರೆ ಅದು ಊಟದ ಲೆಕ್ಕ, ಆರು ಗಂಟೆ ಬಿಡಬೇಕು. ಮತ್ತಿನಲ್ಲಿರುವಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಅವರದ್ದು ಕ್ಯಾನ್ಸಲ್. "ಬ್ಲಾಕ್ ಕಾಫಿ ಕುಡಿದಿದ್ದರೆ ಆಗ್ತಿತ್ತಂತೆ ಸ್ವಾಮಿ. ಅದನ್ನ ಕಾಫಿ ಅಂತಾರಾ?" ಅಂದರು. ಅದಕ್ಕೆ ನನ್ನ ಹತ್ತಿರವೂ ಉತ್ತರ ಇರಲಿಲ್ಲ.

ಇನ್ನೊಬ್ಬರು ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು. ರಕ್ತ ತೆಳು ಮಾಡುವ ಕ್ಲೋಪಿಡೋಗ್ರೆಲ್ ಅನ್ನುವ ಮಾತ್ರೆ ಬಿಟ್ಟಿರಲಿಲ್ಲ. ಅದನ್ನು ಐದರಿಂದ ಏಳು ದಿನ ಮುಂಚೆ ನಿಲ್ಲಿಸದೆ ಬೆನ್ನಿಗೆ ಇಂಜೆಕ್ಷನ್ ಕೊಡಲ್ಲ. ಒಳಗೆ ರಕ್ತ ಕಟ್ಟಿಕೊಂಡು ನರ ಒತ್ತಿಬಿಡಬಹುದು. ಹಾಗಂತ ನಾವೇ ನಿಲ್ಲಿಸೋಕೂ ಆಗಲ್ಲ, ಸ್ಟೆಂಟ್ ಮುಚ್ಚಿಕೊಳ್ಳುತ್ತೆ. ಹೃದಯದ ಡಾಕ್ಟರನ್ನು ಕೇಳಬೇಕು. ಮೂಳೆ ಡಾಕ್ಟರ್ ಹೃದಯದವರನ್ನು ಕೇಳಿ ಅಂದರಂತೆ. ಹೃದಯದವರ ಅಪಾಯಿಂಟ್‌ಮೆಂಟ್ ಸಿಗುವ ಹೊತ್ತಿಗೆ ಆಪರೇಷನ್ ದಿನವೇ ಬಂದಿತ್ತು. ಒಬ್ಬ ತಾಯಿ ಆರು ವರ್ಷದ ಮಗನನ್ನು ತೊಡೆ ಮೇಲೆ ಮಲಗಿಸಿಕೊಂಡಿದ್ದಳು. ಟಾನ್ಸಿಲ್ ಆಪರೇಷನ್ನಿಗೆ. ಹುಡುಗನಿಗೆ ರಾತ್ರಿಯಿಂದ ಕೆಮ್ಮು, ಜ್ವರ. ಅವನಿಗೂ ಮುಂದಿನ ಡೇಟು.

ಇವರೆಲ್ಲರ ವಿಷಯದಲ್ಲೂ ಡಾಕ್ಟರುಗಳು ಮಾಡಿದ್ದು ಸರಿಯೇ. ಯಾರೂ ಸುಮ್ನೆ ವಾಪಸ್ ಕಳಿಸಿಲ್ಲ. ಜ್ವರ ಮಾತ್ರ ಹೇಳಿ ಕೇಳಿ ಬರಲ್ಲ. ಉಳಿದ ಎರಡೂ ಹಿಂದಿನ ದಿನ ಒಂದು ಫೋನ್ ಮಾಡಿದ್ದರೆ ಗೊತ್ತಾಗುತ್ತಿದ್ದ ವಿಷಯ. "ಯಾವ ಯಾವ ಮಾತ್ರೆ ನಿಲ್ಲಿಸಿದ್ದೀರಿ? ಬೆಳಿಗ್ಗೆ ಕಾಫಿ ಕುಡೀಬೇಡಿ, ಹಾಲು ಹಾಕಿದ್ದು ಬೇಡವೇ ಬೇಡ. ಜ್ವರ ಇದೆಯಾ?" ಎರಡು ನಿಮಿಷದ ಮಾತು. ಬಾಕಿ ದುಡ್ಡಿಗೆ ಮಾತ್ರ ಆ ಆಸ್ಪತ್ರೆಯಿಂದ ನನಗೆ ಮೂರು ಸಲ ಫೋನ್ ಬಂದಿತ್ತು.

ಹನ್ನೊಂದೂವರೆ ದಾಟಿತು. ಹನ್ನೆರಡೂವರೆಗೆ ನಾನು ವಾರ್ಡಿಗೆ ಹೋಗಿ ನೋಡಿದೆ. ಇವಳು ಹಸಿರು ಗೌನ್ ಹಾಕಿಕೊಂಡು ಗೋಡೆ ಕಡೆ ತಿರುಗಿ ಮಲಗಿದ್ದಳು. "ನಾಲಿಗೆ ಅಂಟ್ಕೊಳ್ತಿದೆ ರೀ" ಅಂದಳು. ಸಿಸ್ಟರನ್ನು ಕೇಳಿದೆ, ಎರಡು ಗುಟುಕು ನೀರು ಕೊಡಬಹುದಾ? "ಯಾವಾಗ ಕರೀತಾರೋ ಗೊತ್ತಿಲ್ಲ ಅಂಕಲ್, ಕೊಡೋಕಾಗಲ್ಲ." ಅವಳು ಹೇಳಿದ್ದು ಸರಿ. ಎರಡು ಗಂಟೆ ಮುಂಚಿನ ತನಕ ನೀರು ಕೊಡಬಹುದು. ಆದರೆ ಕರೆಯುವ ಟೈಮೇ ಗೊತ್ತಿಲ್ಲದಿದ್ದರೆ ಎರಡು ಗಂಟೆ ಮುಂಚೆ ಅನ್ನೋದು ಯಾವಾಗ? ಟೈಮ್ ಹೇಳುವವರಿಲ್ಲದೆ ಶುಗರ್ ಇರುವ ಹೆಂಗಸು ಬಾಯಾರಿ ಮಲಗಿದ್ದಳು.

ಒಂದೂವರೆಗೆ ಇವಳೇ ಸಮಾಧಾನ ಮಾಡಿಕೊಂಡಳು. "ಇನ್ನು ರಾಹುಕಾಲ ಬಂತು. ಮೂರರ ತನಕ ಕರೀದಿದ್ರೇ ಒಳ್ಳೇದು."

ಕರೆಯಲಿಲ್ಲ. ಎರಡೂಕಾಲು ಗಂಟೆಗೆ ಕನಕಪುರ ರಸ್ತೆ ಕಡೆಯಿಂದ ಒಂದು ಹುಡುಗನನ್ನು ತಂದರು. ಬೈಕ್ ಆಕ್ಸಿಡೆಂಟ್. ಕಾಲಿನ ಮೂಳೆ ಹೊರಗೆ ಬಂದಿತ್ತು. ಸ್ಟ್ರೆಚರ್ ನಮ್ಮ ಬೆಂಚಿನ ಮುಂದೆಯೇ ಹೋಯಿತು. ಹಿಂದೆ ಅವನ ತಾಯಿ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಓಡುತ್ತಿದ್ದಳು. ಬೆಂಚಿನಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ಅವನು ಮೊದಲು ಹೋಗಬೇಕಾದವನೇ. ಅಂಥ ಮುಂದೂಡಿಕೆಗೆ ನಾನು ಒಂದು ಚೂರೂ ಸ್ಟಾರ್ ಕಡಿಮೆ ಮಾಡಲ್ಲ.

ಕಡಿಮೆ ಮಾಡಿದ್ದು ಆಮೇಲಿನದಕ್ಕೆ. ಮೂರೂ ಐವತ್ತಕ್ಕೆ ವಾರ್ಡಿನಲ್ಲಿ ಊಟದ ಗಾಡಿಯ ಸದ್ದಾಯಿತು. ಗಾಡಿ ತಳ್ಳಿಕೊಂಡು ಬಂದ ಹುಡುಗ ಇವಳ ಮಂಚದ ಪಕ್ಕ ಒಂದು ತಟ್ಟೆ ಇಟ್ಟ. ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಸಣ್ಣ ಚೀಟಿ. ಇವಳ ಹೆಸರು, ಮಂಚದ ನಂಬರು, "ಡಯಾಬಿಟಿಕ್". ಒಳಗೆ ಗೋಧಿರವೆ ಉಪ್ಪಿಟ್ಟು. ಬಿಸಿ ಇತ್ತು, ಹಾಳೆಯ ಒಳಗೆಲ್ಲ ಹಬೆಯ ಹನಿ.

"ಇವಳಿಗೆ ಆಪರೇಷನ್ ಇದೆ ಕಣಪ್ಪಾ, ಬೇರೆ ಯಾರದ್ದೋ ಇರಬೇಕು" ಅಂದೆ.

ಅವನು ಚೀಟಿ ನೋಡಿದ. "ಇಲ್ಲ ಸರ್, ಕ್ಯಾನ್ಸಲ್ ಆಗಿದೆಯಲ್ಲ, ಕಿಚನ್ನಿಗೆ ಫೋನ್ ಬಂತು."

ಅಡುಗೆಮನೆಗೆ ಗೊತ್ತು. ನಮಗೆ ಗೊತ್ತಿಲ್ಲ. ಹದಿನೆಂಟು ಗಂಟೆ ಹೊಟ್ಟೆ ಖಾಲಿ ಬಿಟ್ಟುಕೊಂಡವಳಿಗೆ ಸುದ್ದಿ ತಂದಿದ್ದು ಉಪ್ಪಿಟ್ಟು. ಅಷ್ಟು ಹೊತ್ತಿಗೆ ಅವಳ ಶುಗರ್ 74ಕ್ಕೆ ಇಳಿದು ಗ್ಲೂಕೋಸ್ ಏರಿಸಿದ್ದರು. ನಾನು ನರ್ಸಿಂಗ್ ಸ್ಟೇಷನ್ನಿಗೆ ಹೋಗಿ ಜೋರಾಗಿಯೇ ಕೇಳಿದೆ, "ಇಲ್ಲಿ ಕಂಟ್ರೋಲರ್ ಯಾರು?" ಸಿಸ್ಟರ್ ಡ್ಯೂಟಿ ಡಾಕ್ಟರನ್ನು ತೋರಿಸಿದಳು. ಡ್ಯೂಟಿ ಡಾಕ್ಟರ್ ಓ.ಟಿ. (ಆಪರೇಷನ್ ಥಿಯೇಟರ್) ಕೋಆರ್ಡಿನೇಟರನ್ನು ಕೇಳಿ ಅಂದರು. ಕೋಆರ್ಡಿನೇಟರ್, ಪೇಷೆಂಟಿಗೆ ಹೇಳೋದು ಸರ್ಜನ್ ಟೀಮಿನ ಕೆಲಸ ಅಂದರು. ಸರ್ಜನ್ ಟೀಮ್ ಒಳಗೆ ಆ ಹುಡುಗನ ಕಾಲು ಜೋಡಿಸುತ್ತಿತ್ತು. ಯಾರೂ ಕೆಟ್ಟವರಲ್ಲ, ಎಲ್ಲರೂ ಕೆಲಸ ಮಾಡುತ್ತಲೇ ಇದ್ದಾರೆ. ಹೇಳುವ ಕೆಲಸ ಮಾತ್ರ ಯಾರದ್ದೂ ಅಲ್ಲ.

ಬಸ್ ನಿಲ್ದಾಣದಲ್ಲಿ ಟ್ರಿಪ್ ಕಟ್ ಆದರೆ ನಾನು ಮೈಕಿನಲ್ಲಿ ಹೇಳುತ್ತಿದ್ದೆ. ಜನ ಬೈಯುತ್ತಿದ್ದರು. ಬೈಸಿಕೊಳ್ಳೋದಕ್ಕೇ ನನಗೆ ಸಂಬಳ. ಆದರೆ ಬೈದವರು ಮುಂದಿನ ಬಸ್ಸು ಯಾವುದು ಅಂತ ಕೇಳಿಕೊಂಡು ಹೋಗುತ್ತಿದ್ದರು. ಹೇಳದೆ ಇದ್ದರೆ ಅಲ್ಲೇ ನಿಂತಿರುತ್ತಾರೆ, ಮಳೆಯಲ್ಲಿ.

ಸರ್ಜನ್ ಆರೂವರೆಗೆ ಬಂದರು. ಮುಖದಲ್ಲಿ ಮಾಸ್ಕಿನ ಗೆರೆ ಹಾಗೇ ಇತ್ತು. ಕುಂಟು ನೆಪ ಹೇಳಲಿಲ್ಲ. "ಲಿಸ್ಟ್ ಜಾಸ್ತಿ ಹಾಕಿದ್ದು ನಮ್ಮ ತಪ್ಪು ಅಮ್ಮಾ. ಐದರ ಮೇಲೆ ಥಿಯೇಟರಿಗೆ ಒಂದೇ ಟೀಮ್ ಇರುತ್ತೆ, ಅದನ್ನ ತುರ್ತು ಕೇಸಿಗೆ ಇಟ್ಟುಕೊಳ್ಳಬೇಕು. ಸುಸ್ತಾದ ಮೇಲೆ ಮಂಡಿ ಶುರು ಮಾಡಲ್ಲ. ಕ್ಷಮಿಸಿ" ಅಂದರು. ಇವಳು "ಪರವಾಗಿಲ್ಲ ಡಾಕ್ಟ್ರೇ, ಆ ಹುಡುಗ ಹೇಗಿದ್ದಾನೆ?" ಅಂತ ಕೇಳಿದಳು. ನಾನು ಮಾತಿಗೆ ರೆಡಿ ಮಾಡಿಕೊಂಡಿದ್ದೆಲ್ಲ ವೇಸ್ಟ್ ಆಯಿತು. ಆ ರಾತ್ರಿಯ ಬಿಲ್ ಅವರೇ ಮನ್ನಾ ಮಾಡಿಸಿದರು. ಮಗಳ ನಾಲ್ಕು ದಿನದ ರಜೆಯನ್ನು ಮನ್ನಾ ಮಾಡೋಕೆ ಯಾರಿಂದಲೂ ಆಗಲ್ಲ.

ಮೂರನೇ ಸಲಕ್ಕೆ ಆ ಅರಿವಳಿಕೆ ಡಾಕ್ಟರಮ್ಮನೇ ಹಟ ಹಿಡಿದು ಇವಳನ್ನು ಲಿಸ್ಟಿನಲ್ಲಿ ಮೊದಲು ಹಾಕಿಸಿದರಂತೆ. ಶುಗರ್ ಇರುವವರನ್ನು ಮೊದಲು ತಗೊಳ್ಳಬೇಕು, ಉಪವಾಸ ಕಡಿಮೆಯಾಗುತ್ತೆ ಅಂದರಂತೆ. ಮೊದಲ ಸಲವೇ ಹಾಗೆ ಹಾಕಬಹುದಿತ್ತಲ್ಲ ಅಂತ ನಾನು ಕೇಳಲಿಲ್ಲ. ಭಾನುವಾರ ಸಂಜೆಯೇ ಸ್ಟೀಲ್ ಪೆಟ್ಟಿಗೆಗಳು ಬಂದವು. ಆ ಹುಡುಗ ನನ್ನನ್ನು ನೋಡಿ, "ಸರ್, ನಿಮ್ಮದು ಬಂದುಬಿಡ್ತು" ಅಂತ ಕೈ ಎತ್ತಿದ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಐದು ನಿಮಿಷ ಇರುವಾಗ ಸ್ಟ್ರೆಚರ್ ಬಂತು. ಸೋಮವಾರ ಏಳೂವರೆಯಿಂದ ಒಂಬತ್ತು ರಾಹುಕಾಲ. ಅವಳಿಗೂ ಗೊತ್ತು, ನನಗೂ ಗೊತ್ತು. ಇಬ್ಬರೂ ಬಾಯಿ ಬಿಡಲಿಲ್ಲ. ಲಿಫ್ಟಿನ ಬಾಗಿಲು ಹಾಕುವಾಗ ಕತ್ತಿನ ಅರಿಶಿನ ದಾರ ಒಂದು ಸಲ ಮುಟ್ಟಿ ನೋಡಿಕೊಂಡಳು. ಹತ್ತೂ ಇಪ್ಪತ್ತೈದಕ್ಕೆ ಹೊರಗೆ ತಂದರು. ನಾನು ಬರೆದುಕೊಂಡಿದ್ದೇನೆ.

ಕೆಲಸ ಅಚ್ಚುಕಟ್ಟು, ಅದರಲ್ಲಿ ಎರಡು ಮಾತಿಲ್ಲ. ಮಾರನೇ ದಿನವೇ ವಾಕರ್ ಹಿಡಿಸಿ ನಾಲ್ಕು ಹೆಜ್ಜೆ ನಡೆಸಿದರು. ಫಿಸಿಯೋಥೆರಪಿ ಹುಡುಗಿ ಜೋರು, ಆದರೆ ಒಳ್ಳೆಯವಳು. ಒಳಗೆ ಹಾಕಿದ ಮಂಡಿಯ ಸ್ಟಿಕ್ಕರುಗಳನ್ನು ಫೈಲಿನಲ್ಲಿ ಅಂಟಿಸಿ ಕೊಟ್ಟಿದ್ದಾರೆ. ಕಂಪನಿ, ಸೈಜು, ನಂಬರು ಎಲ್ಲಾ ಇದೆ. ಮಂಡಿ ಇಂಪ್ಲಾಂಟಿನ ಬೆಲೆಗೆ 2017ರ ಆಗಸ್ಟಿನಲ್ಲಿ ಸರ್ಕಾರ ಮಿತಿ ಹಾಕಿತು. ಜಾಸ್ತಿ ಬಳಸುವ ಕೋಬಾಲ್ಟ್ ಕ್ರೋಮಿಯಂ ಮಂಡಿಗೆ ಆಗ 54,720 ರೂಪಾಯಿ ಅಂತ ನಿಗದಿಯಾಗಿತ್ತು, ಜಿ.ಎಸ್.ಟಿ. ಬೇರೆ. ಅದಕ್ಕೆ ಮುಂಚೆ ಮಾಡಿಸಿಕೊಂಡ ನಮ್ಮ ಷಡ್ಡಕರ ಬಿಲ್ ನೆನೆಸಿಕೊಂಡರೆ ನಾವು ಕಾದಿದ್ದೇ ಲಾಭ ಅನಿಸುತ್ತೆ. ಬಿಲ್ಲಿನಲ್ಲಿ ಇಂಪ್ಲಾಂಟಿನ ಸಾಲು ಬೇರೆಯಾಗಿ ಇರುತ್ತೆ, ನೋಡಿಕೊಳ್ಳಿ. ಕ್ಯಾಂಟೀನ್ ಬಗ್ಗೆ ಕೇಳಬೇಡಿ. ಇಡ್ಲಿ ಪರವಾಗಿಲ್ಲ, ಕಾಫಿ ಮಾತ್ರ ಗೇಟಿನ ಹೊರಗೆ ಬಂದೇ ಕುಡಿಯಿರಿ.

ಅಲ್ಲಿ ಹೋಗುವವರಿಗೆ, ಎಲ್ಲೇ ಹೋದರೂ ಅನ್ನಿ, ನಾನು ಹೇಳೋದು ಇಷ್ಟು. ಪಿ.ಎ.ಸಿ. ದಿನವೇ ಮಾತ್ರೆ ಡಬ್ಬಿ ತಗೊಂಡು ಹೋಗಿ, ಡಾಕ್ಟರ ಮೇಜಿನ ಮೇಲೆ ಸುರಿಯಿರಿ. ಹೆದರಬೇಡಿ, ಬೈಯಲ್ಲ. ಪ್ರತಿಯೊಂದಕ್ಕೂ ಯಾವತ್ತಿನಿಂದ ಬಿಡಬೇಕು ಅಂತ ಬರೆಸಿಕೊಳ್ಳಿ. ಬಿ.ಪಿ. ಮಾತ್ರೆಯನ್ನೂ ಸೇರಿಸಿ, ಕೆಲವನ್ನು ಅವತ್ತು ಬೆಳಿಗ್ಗೆ ತಗೊಳ್ಳಬೇಕು, ಕೆಲವನ್ನು ಬಿಡಬೇಕು. ಲಿಸ್ಟಿನಲ್ಲಿ ನಮ್ಮದು ಎಷ್ಟನೇದು, ಕ್ಯಾನ್ಸಲ್ ಆದರೆ ನಮಗೆ ಹೇಳುವವರು ಯಾರು, ಆ ರಾತ್ರಿಯ ಬಿಲ್ ಯಾರದ್ದು ಅಂತ ಅಡ್ಮಿಟ್ ಆಗುವ ಮುಂಚೆ ಕೇಳಿ. ನಾನು ಕೇಳಿದಾಗ ಕೌಂಟರಿನಲ್ಲಿ ವಿಚಿತ್ರವಾಗಿ ನೋಡಿದರು. ನೋಡಲಿ ಬಿಡಿ.

ಸರ್ಜನ್ನಿಗೆ, ಅರಿವಳಿಕೆ ಡಾಕ್ಟರಮ್ಮನಿಗೆ, ದಾರ ಕೊಟ್ಟ ಸಿಸ್ಟರಿಗೆ ಒಂದೊಂದು ಸ್ಟಾರ್. ಉಳಿದ ಎರಡು ಆ ಕೌಂಟರಿನವರದ್ದು, ಓ.ಟಿ. ಲಿಸ್ಟ್ ಹಾಕುವವರದ್ದು. ಅವು ನನ್ನ ಹತ್ತಿರವೇ ಇವೆ.

ಎಡಗಾಲಿನದ್ದೂ ಸವೆದಿದೆ, ಆರು ತಿಂಗಳು ಬಿಟ್ಟು ಅದನ್ನೂ ಮಾಡೋಣ ಅಂದಿದ್ದಾರೆ. ಅಲ್ಲೇ ಮಾಡಿಸುತ್ತೀರಾ ಅಂತ ಮಗಳು ಕೇಳಿದಳು. ಅಲ್ಲೇ. ಆದರೆ ಫಸ್ಟ್ ಟ್ರಿಪ್ ಕೊಟ್ಟರೆ ಮಾತ್ರ ಅಂದೆ. ಇವಳು ಆಗಲೇ ಪಂಚಾಂಗ ತೆಗೆದು ಕೂತಿದ್ದಾಳೆ.